ಇಳೀತು ಅಂದರೆ

ಮಾರ್ಚ್ ೨೦

ಬಿಸಿಗಾಳಿಗೆ ಕಾಲಿದೆ ಎಂದು ನಮಗೆ ಮೊದಲು ಹೇಳಿದವಳು ಮೇಲಿನ ಊರಿನ ಫೋನಕ್ಕ. ಹೇಳಿದ್ದು ಇವತ್ತು ಮಧ್ಯಾಹ್ನ ಮೂರು ಗಂಟೆಗೆ, ನಮ್ಮ ಬಸ್ ಡಿಪೋದ ಟೈರ್ ಕೋಣೆಯಲ್ಲಿ ನಡೆದ ಸಭೆಯಲ್ಲಿ. ಮೂರು ಊರಿನವರು ಒಂದೇ ಬೆಂಚಿನ ಮೇಲೆ ಕೂತದ್ದನ್ನು ನನ್ನ ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಇವತ್ತೇ ನೋಡಿದ್ದು. ಬಸ್ಸಿನಲ್ಲಿ ಕೂರುತ್ತಾರೆ, ಅದು ಬೇರೆ. ಅಲ್ಲಿ ಟಿಕೆಟ್ ತಗೊಂಡಿರುತ್ತಾರೆ, ವಿಧಿಯಿಲ್ಲ.

ಸಭೆ ಕರೆದವರು ನಮ್ಮ ಆಸ್ಪತ್ರೆಯ ಡಾಕ್ಟರಮ್ಮ. ಹೋದ ಬೇಸಿಗೆಯಲ್ಲಿ ಈ ಮರಳುಗಾಡಿನ ರಸ್ತೆಯ ಮೂರು ಊರು ಸೇರಿ ಹತ್ತೊಂಬತ್ತು ಜನ ಬಿಸಿಲಿಗೆ ಸತ್ತರು. "ಮೂವರೂ ಮೂರು ಕಡೆ ಮುಖ ತಿರುಗಿಸಿಕೊಂಡು ಕೂತ್ರೆ ಈ ಸಲ ನಲವತ್ತಾಗುತ್ತೆ" ಎಂದರು. ಬೆಂಚಿನ ಮೇಲಿದ್ದವರು ಒಬ್ಬರಿಂದೊಬ್ಬರು ಇನ್ನಷ್ಟು ದೂರ ಸರಿದು ಕೂತರು. ಮೇಲಿನ ಊರಿನವರಿಗೆ ನಾವು ನೀರು ಕದಿಯುವವರು, ನಮಗೆ ಅವರು ಬಂಡೆಕಲ್ಲಿನ ತಲೆಯವರು, ಕೆಳಗಿನ ಉಪ್ಪಿನ ಆಗರದವರನ್ನು ಕಂಡರೆ ಇಬ್ಬರಿಗೂ ಆಗುವುದಿಲ್ಲ. ಆಗ ಫೋನಕ್ಕ ಎದ್ದಳು. ಅಲ್ಲಿನ ಆಡಳಿತ ಕಚೇರಿಯಲ್ಲಿ ಫೋನು ನೋಡಿಕೊಳ್ಳುವ ಹೆಂಗಸು, ಫೋನಿಲ್ಲದೆಯೂ ಕೇಳಿಸುವಂಥ ಗಂಟಲು.

"ಬಿಸಿಗಾಳಿ ಎಲ್ಲರ ತಲೆ ಮೇಲೂ ಒಂದೇ ಹೊತ್ತಿಗೆ ಬೀಳಲ್ಲ ಕಣ್ರೀ. ಅದಕ್ಕೆ ಕಾಲಿದೆ. ಬಂಡೆ ದಾಟಿ ಹನ್ನೊಂದಕ್ಕೆ ನಮ್ಮೂರಿಗೆ ಇಳಿಯುತ್ತೆ. ಅಲ್ಲಿಂದ ಇದೇ ರಸ್ತೆ ಹಿಡ್ಕೊಂಡು ನಿಮ್ಮೂರಿಗೆ ಹನ್ನೆರಡೂವರೆ. ಉಪ್ಪಿನವರ ಹತ್ರ ಹೋಗೋಕೆ ಎರಡು. ನಮ್ಮಜ್ಜಿ ಮೂವತ್ತು ವರ್ಷ ಬಾಗಿಲಲ್ಲಿ ಕೂತು ನೋಡಿ ಹೇಳಿದ್ದು ಇದು."

"ಹಾಗಾದ್ರೆ ನಮ್ಮ ಬಸ್ಸಿಗಿಂತ ಅದೇ ವಾಸಿ, ಹೊತ್ತಿಗೆ ಸರಿಯಾಗಿ ಬರುತ್ತೆ" ಎಂದು ಹಿಂದಿನಿಂದ ಭಾವ ಕೂಗಿದ. ಭಾವ ಅಂದರೆ ನನ್ನ ಅಕ್ಕನ ಗಂಡ, ಆಗರದಲ್ಲಿ ಹಲಗೆ ಹಿಡಿದು ಉಪ್ಪು ಎಳೆಯುವ ಕೆಲಸ. ಡಿಪೋದ ಟೈಮ್ ಕೀಪರ್ ಆದ ನನ್ನನ್ನು ಚುಚ್ಚಲಿಕ್ಕೇ ಹೇಳಿದ್ದು. ಎಲ್ಲರೂ ನಕ್ಕರು. ನಕ್ಕ ಮೇಲೆ ಮಾತು ಸಲೀಸಾಯಿತು.

ಕಡೆಗೆ ಒಪ್ಪಿಕೊಂಡದ್ದು ಇಷ್ಟು. ಮೇಲಿನ ಊರಿನಲ್ಲಿ ಬಿಸಿಗಾಳಿ ಕಂಡ ಕೂಡಲೆ ಫೋನಕ್ಕ ಡಿಪೋಗೆ ಫೋನು ಮಾಡಬೇಕು. ಆಗರಕ್ಕೆ ಫೋನಿನ ಲೈನಿಲ್ಲ. ನಾನು ಡಿಪೋದ ವೈರ್‌ಲೆಸ್ಸಿನಲ್ಲಿ ಅಲ್ಲಿನ ಮೇಸ್ತ್ರಿಗೆ ತಿಳಿಸಬೇಕು. ಅವರ ಹಳೆಯ ಉಪ್ಪಿನ ಗೋದಾಮಿಗೆ ಎರಡಡಿ ದಪ್ಪದ ಗೋಡೆ. ಅದನ್ನೇ ತಂಪಿನ ಮನೆ ಮಾಡುವುದು.

ಬರೆಯುವ ಕೆಲಸ ನನಗೆ ಬಿತ್ತು. ಅಕ್ಷರ ಚೆನ್ನಾಗಿದೆಯಂತೆ.

ಮಾರ್ಚ್ ೨೩

ಸಭೆಯ ನಡವಳಿಯ ಶುದ್ಧ ಪ್ರತಿ ಮಾಡಿದೆ. ಜನ ಆಡಿದ್ದನ್ನು ಆಡಿದ ಹಾಗೇ ಬರೆದರೆ ಓದುವವರು ಏನಂದಾರು? "ಬಿಸಿಗಾಳಿ ನಮ್ಮೂರಿಗೆ ಇಳಿಯುತ್ತದೆ" ಎಂದಿದ್ದಾಳೆ ಫೋನಕ್ಕ. ಅದೇನು ಬಸ್ಸಿನಿಂದ ಇಳಿಯುವ ಪ್ರಯಾಣಿಕನೆ? "ಬರುತ್ತದೆ" ಎಂದು ತಿದ್ದಿದೆ. ಅಂಥವು ಇನ್ನೂ ಒಂಬತ್ತಿದ್ದವು, ಎಲ್ಲ ತಿದ್ದಿದೆ. ಮೇಲಿನವರ ಭಾಷೆಯೇ ಅಷ್ಟು.

ಹಿಂದಿನ ಪುಟದಲ್ಲಿ ಬಿಸಿಗಾಳಿಯ ವೇಳಾಪಟ್ಟಿ ಹಾಕಿದೆ, ಊರು, ದೂರ, ಹೊತ್ತು, ಕೆಂಪು ಗೆರೆ ಎಳೆದು. ಡಾಕ್ಟರಮ್ಮ ನೋಡಿ, "ಇದನ್ನ ಚೌಕಟ್ಟು ಹಾಕಿಸಿ ಗೋಡೆಗೆ ಹೊಡೀಬೇಕು" ಎಂದರು. ಹೊಡೆಸಿದೆ.

ಮಾರ್ಚ್ ೩೧

ಫೋನು, ವೈರ್‌ಲೆಸ್ ಎರಡನ್ನೂ ಪರೀಕ್ಷೆ ಮಾಡಿದ್ದಾಯಿತು. ಲೈನಿನಲ್ಲಿ ಹುರಿದ ಹಾಗೆ ಸದ್ದು. ಫೋನಕ್ಕ ಏನೋ ಅಂದಳು, ತಿಳಿಯಲಿಲ್ಲ, "ಇನ್ನೊಮ್ಮೆ ಹೇಳಿ" ಎಂದೆ. "ಯಾಕೆ, ಟೈಮ್ ಕೀಪರಿಗೆ ಕಿವಿ ಮಂದವೋ ಬುದ್ಧಿ ಮಂದವೋ?" ಎಂದು ನಕ್ಕಳು. ಅವಳ ಗಂಟಲು ಗೊತ್ತಲ್ಲ, ಕಿಟಕಿಯ ಬಳಿ ನಿಂತಿದ್ದ ಡ್ರೈವರುಗಳಿಗೆಲ್ಲ ಕೇಳಿಸಿತು. ಸಂಜೆಯವರೆಗೂ "ಮಂದವೋ, ಮಂದವೋ" ಎಂದು ಹಾರನ್ನಿನ ಧಾಟಿಯಲ್ಲಿ ಹಾಡಿದರು. ಇಪ್ಪತ್ತೆಂಟು ವರ್ಷ ನಾನು ಸೀಟಿ ಊದಿದಾಗ ಬಸ್ಸು ಹೊರಡಿಸಿದವರು.

ಸಂಜೆ ಅಕ್ಕ ಬಂದಿದ್ದಳು. ಗೋದಾಮಿನ ಬಾಗಿಲಿಗೆ ಕಟ್ಟಲು ಗೋಣಿತಟ್ಟು ಬೇಕಂತೆ, ಒದ್ದೆ ಮಾಡಿ ಇಳಿಬಿಡಲಿಕ್ಕೆ. ಸ್ಟೋರಿನಿಂದ ಹನ್ನೆರಡು ಕೊಡಿಸಿದೆ. "ಮರೀ, ನೀನು ಬರೆದಿದ್ದನ್ನ ಮೇಸ್ತ್ರಿ ಎಲ್ಲರ ಎದುರು ಓದಿದ್ರು. ನನ್ನ ತಮ್ಮ ಅಂತ ಹೇಳಿಕೊಂಡೆ" ಎಂದಳು. ಅಮ್ಮ ಹೋದಾಗ ನನಗೆ ಆರು, ಅಕ್ಕನಿಗೆ ಹನ್ನೊಂದು. ಸಾಕಿದವಳು ಅವಳೇ. ನನಗೆ ಐವತ್ತೊಂದಾದರೂ ಅವಳ ಬಾಯಲ್ಲಿ ನಾನಿನ್ನೂ ಮರಿ.

ಏಪ್ರಿಲ್ ೧೧

ಬೆಳಗಿನಿಂದಲೇ ಕೆಟ್ಟ ಸೆಕೆ. ಆಗರದ ಮೇಸ್ತ್ರಿ ಹುಷಾರಿಯ ಹೆಂಗಸು, ಕೆಲಸಕ್ಕೆ ಯಾರನ್ನೂ ಬಿಡದೆ ಗೋದಾಮಿನಲ್ಲಿ ಕೂರಿಸಿ, ಮೇಲಿನಿಂದ ಏನು ಸುದ್ದಿ ಎಂದು ಮೂರು ಸಲ ವೈರ್‌ಲೆಸ್ಸಿನಲ್ಲಿ ಕೇಳಿದಳು.

ಹನ್ನೊಂದು ಹತ್ತಕ್ಕೆ ಫೋನು ಬಂತು. "ಇಳೀತು! ಜೋರಾಗಿ ಇಳೀತು! ಕೆಳಗಿನವರಿಗೆ ಬೇಗ ಹೇಳಿಬಿಡಿ!" ಎಂದಳು ಫೋನಕ್ಕ. ಲೈನು ಕಟ್ಟಾಯಿತು. ತಿರುಗಿ ಮಾಡಿದೆ, ಸಿಗಲಿಲ್ಲ.

ನಾನು ಮೇಸ್ತ್ರಿಗೆ ಹೇಳಿದೆ: "ಮೇಲೆ ಬಿಸಿಲು ಇಳಿದಿದೆಯಂತೆ. ಚೆನ್ನಾಗಿಯೇ ಇಳಿದಿದೆ. ಕೆಲಸಕ್ಕೆ ಬಿಡಬಹುದು."

ಹನ್ನೆರಡೂವರೆಗೆ ಬಿಸಿಗಾಳಿ ನಮ್ಮ ಊರಿಗೆ ಬಂತು. ಡಿಪೋದ ಅಂಗಳದಲ್ಲಿ ಕಾಗೆಗಳು ಬಸ್ಸಿನ ಕೆಳಗೆ ನುಗ್ಗಿದವು. ವೈರ್‌ಲೆಸ್ ಹಿಡಿದು ಕೂಗಿದೆ. ಮೇಸ್ತ್ರಿಯೂ ಉಪ್ಪು ಕಟ್ಟುವ ಮಡಿಗಳ ಕಡೆ ಹೋಗಿದ್ದಳು, ಕೇಳುವವರಿಲ್ಲ. ಎರಡನೇ ನಂಬರ್ ಬಸ್ಸನ್ನು ಖಾಲಿಯಾಗಿ ಓಡಿಸಿದೆ. ಆರನೇ ಕಿಲೋಮೀಟರಿನಲ್ಲಿ ಟೈರು ಸಿಡಿಯಿತು. ಡ್ರೈವರ್ ಸುಡುವ ಜಾಕಿಯನ್ನು ಅಂಗಿ ಸುತ್ತಿಕೊಂಡು ತಿರುಗಿಸಿದನಂತೆ. ಅವನು ಆಗರ ಮುಟ್ಟಿದಾಗ ಗಂಟೆ ಎರಡೂಕಾಲು.

ಆಗರದ ತುದಿಯ ಮಡಿಗಳಲ್ಲಿ ಹದಿನಾಲ್ಕು ಜನ ಬಿದ್ದಿದ್ದರು. ನೆರಳಿಗೆ ಓಡೋಣವೆಂದರೆ ಗೋದಾಮು ಮೂರು ಕಿಲೋಮೀಟರು. ನೀರಿನ ಡ್ರಮ್ಮು ಗೋದಾಮಿನಲ್ಲೇ ಇತ್ತು. ಬಿಸಿಲು ಇಳಿದಿದೆಯಲ್ಲ, ಹೊರುವುದೇಕೆ ಎಂದು ಬಿಟ್ಟುಹೋಗಿದ್ದರು.

ಹದಿನಾಲ್ಕರಲ್ಲಿ ಭಾವ ಒಬ್ಬ.

ಏಪ್ರಿಲ್ ೧೨

ಬಸ್ಸಿನ ಸೀಟುಗಳನ್ನೇ ಕಿತ್ತು ಆಸ್ಪತ್ರೆಯ ವರಾಂಡದಲ್ಲಿ ಹಾಸಿದ್ದಾರೆ. ಭಾವನ ಮೈ ಕಾದ ಬಾಣಲೆ. ನಿನ್ನೆಯಿಂದ ಒಂದು ತೊಟ್ಟು ಮೂತ್ರ ಬಂದಿಲ್ಲವಂತೆ. ಅಕ್ಕ ಒದ್ದೆ ಬಟ್ಟೆ ಹಿಂಡುತ್ತಾಳೆ, ಹಾಕುತ್ತಾಳೆ, ಹಿಂಡುತ್ತಾಳೆ. ನನ್ನ ಜೊತೆ ಮಾತಿಲ್ಲ. ಸುಸ್ತಾಗಿರಬೇಕು.

ಏಪ್ರಿಲ್ ೧೪

ಬೆಳಿಗ್ಗೆ ಭಾವ ಹೋದ. ಅವನ ಜೊತೆ ಇನ್ನಿಬ್ಬರು.

ಏಪ್ರಿಲ್ ೧೫

ಮಣ್ಣು ಮಾಡಿ ಬಂದೆವು. ಅಕ್ಕ ನನ್ನ ಕಡೆ ಒಮ್ಮೆಯೂ ನೋಡಲಿಲ್ಲ.

ಏಪ್ರಿಲ್ ೧೯

ಫೋನಕ್ಕ ಮೊದಲ ಬಸ್ಸಿಗೆ ಬಂದು ನನ್ನ ಕಿಟಕಿಯ ಮುಂದೆ ನಿಂತಳು. ಅಷ್ಟು ಗಂಟಲಿನವಳ ಬಾಯಿಂದ ಪಿಸುಮಾತು ಹೊರಟಿತು.

"ನಾನು ಇಳೀತು ಅಂದೆ. ನೀವು ಅವರಿಗೆ ಏನಂತ ಹೇಳಿದ್ರಿ?"

"ಇಳಿದಿದೆ ಅಂತಲೇ ಹೇಳಿದೆ. ನೀವು ಹೇಳಿದ್ದನ್ನೇ."

"ಮತ್ತೆ ಕೆಲಸಕ್ಕೆ ಯಾಕೆ ಹೋದ್ರು?"

"ಇಳೀತು ಅಂದ ಮೇಲೆ ಹೋಗದೆ ಇನ್ನೇನು ಮಾಡ್ತಾರೆ?"

ಅವಳು ನನ್ನನ್ನು ನೋಡಿದಳು, ನಾನು ಅವಳನ್ನು. ಅವಳ ಹಿಂದೆ ಪಾಸು ಕೇಳಲು ನಿಂತಿದ್ದ ಮುದುಕ ಕೆಮ್ಮಿದ.

"ನಿಮ್ಮಲ್ಲಿ ಇಳೀತು ಅಂದ್ರೆ ಏನು?" ಎಂದಳು.

"ಕಡಿಮೆಯಾಯ್ತು ಅಂತ. ಜ್ವರ ಇಳೀತು ಅನ್ನಲ್ವಾ?"

"ಅಯ್ಯೋ. ನಮ್ಮಲ್ಲಿ ಮಿಡತೆ ಇಳೀತು ಅಂತಾರೆ. ದಂಡು ಇಳೀತು ಅಂತಾರೆ. ಬಂಡೆ ಮೇಲಿಂದ ನಮ್ಮ ಮೇಲೆ ಬಂದುಬಿತ್ತು ಅಂತ." ಕಿಟಕಿಯ ಸರಳು ಹಿಡಿದುಕೊಂಡಳು. "ಸಭೆಯಲ್ಲೂ ಹಾಗೇ ಹೇಳಿದ್ದೆನಲ್ಲ. ನೀವು ಬರ್ಕೊಂಡ್ರಲ್ಲ."

ಬರೆದುಕೊಂಡಿದ್ದೆ. ತಿದ್ದಿದ್ದೆ. ಮೊದಲಿನ ಕರಡು ಇನ್ನೂ ಮೇಜಿನ ಖಾನೆಯಲ್ಲಿತ್ತು. ಹೊಡೆದುಹಾಕಿದ ಪದ ಕೆಂಪು ಗೆರೆಯ ಕೆಳಗೆ ಚೆನ್ನಾಗಿಯೇ ಕಾಣುತ್ತಿತ್ತು. ತೋರಿಸಿದೆ. ಅವಳು ಬಯ್ಯುತ್ತಾಳೆ ಎಂದುಕೊಂಡೆ. ನೀರು ಕೇಳಿದಳು. ಕುಡಿದು, ಕಿಟಕಿಯ ಕೆಳಗೆ ನೆಲದ ಮೇಲೆ ಕೂತುಬಿಟ್ಟಳು.

ಏಪ್ರಿಲ್ ೨೬

ಮತ್ತೆ ಸಭೆ. ಡಾಕ್ಟರಮ್ಮ ಹವಾಮಾನದವರ ಕಾಗದ ಓದಿದರು. ಮೇ ಮೂರರಿಂದ ಮೂರು ದಿನ, ಹಿಂದಿನದಕ್ಕಿಂತ ಹೆಚ್ಚಿನದು ಬರುತ್ತದೆ. ಇಳಿದದ್ದು ಏರಿದ್ದು ಯಾವ ಪದವೂ ಬೇಡ, "ಬಂತು", "ಹೋಯಿತು" ಎರಡೇ ಸಾಕು ಎಂದು ತೀರ್ಮಾನ ಮಾಡೋಣ ಎಂದರು. ಸರಿಯಾದ ಮಾತೇ. ಒಪ್ಪಬೇಕಾದವರು ಎದ್ದು ನಿಂತಿದ್ದರು.

"ಡಾಕ್ಟರಮ್ಮ, ನಿಮ್ಮ ಮೇಲೆ ಸಿಟ್ಟಿಲ್ಲ" ಎಂದಳು ಆಗರದ ಮೇಸ್ತ್ರಿ. "ಇಷ್ಟು ದಿನ ನಮ್ಮ ಕಣ್ಣಿಂದ ಆಕಾಶ ನೋಡಿ ಬದುಕಿದ್ವಿ. ಅವತ್ತೂ ನನ್ನ ಕಣ್ಣು ಬೇಡ ಅಂತಿತ್ತು. ಇವರ ಮಾತು ಕೇಳಿ ಬಾಗಿಲು ತೆಗೆದೆ. ಆ ಬಾಗಿಲು ತೆಗೆದಿದ್ದು ನನ್ನ ಕೈ. ಇನ್ನು ನಿಮ್ಮ ಮಾತು ನಿಮ್ಮಲ್ಲೇ ಇರಲಿ." ಆಗರಕ್ಕೆ ಕೊಟ್ಟಿದ್ದ ವೈರ್‌ಲೆಸ್ ಪೆಟ್ಟಿಗೆಯನ್ನು ತಂದು ನನ್ನ ಮೇಜಿನ ಮೇಲೆ ಇಟ್ಟಳು.

ಕಣ್ಣಿಗೆ ಕಾಣುವಷ್ಟರಲ್ಲಿ ಅದು ಮೈಮೇಲೆ ಇರುತ್ತದೆ, ತುದಿಯ ಮಡಿಯಲ್ಲಿರುವವರಿಗೆ ಓಡಲು ಹೊತ್ತಿರುವುದಿಲ್ಲ ಎಂದು ಡಾಕ್ಟರಮ್ಮ ಬಾಗಿಲವರೆಗೆ ಹೇಳಿಕೊಂಡೇ ಹೋದರು. ಯಾರೂ ತಿರುಗಿ ನೋಡಲಿಲ್ಲ.

ತುದಿಯ ಮಡಿಯಲ್ಲಿ ಈಗ ಯಾರು ಉಪ್ಪು ಎಳೆಯುತ್ತಾರೆ ಎಂದು ಎರಡನೇ ನಂಬರ್ ಡ್ರೈವರ್ ಹೇಳಿದ. ಭಾವನ ಹಲಗೆಯನ್ನು ಅಕ್ಕ ಹಿಡಿದಿದ್ದಾಳೆ. ಐವತ್ತಾರು ವಯಸ್ಸು.

ಇನ್ನು ಏಳು ದಿನ.

ಏಪ್ರಿಲ್ ೨೭

ಆಗರಕ್ಕೆ ಹೋದೆ. ಅಕ್ಕ ಮನೆಯ ಬಾಗಿಲು ತೆಗೆಯಲಿಲ್ಲ. ಒಳಗಿದ್ದಳು, ಪಾತ್ರೆಯ ಸದ್ದು ಕೇಳುತ್ತಿತ್ತು. ಕೊನೆಯ ಬಸ್ಸಿನವರೆಗೆ ಮೆಟ್ಟಿಲ ಮೇಲೆ ಕೂತಿದ್ದು ಬಂದೆ.

ಏಪ್ರಿಲ್ ೨೯

ಚಹಾದವನು ಇವತ್ತು ರೇಗಿದ. "ಒಂದು ಚಹಾಕ್ಕೆ ಎಷ್ಟು ಸಲ ಕೇಳ್ತೀರಿ ಸಾರ್? ಸಕ್ಕರೆ ಕಡಿಮೆ ಅಂದ್ರಿ, ಕಡಿಮೆ ಅಂದೆ, ಕಡಿಮೆ ಅಂದ್ರೆ ಎಷ್ಟು ಅಂತೀರಿ, ಅರ್ಧ ಚಮಚ ಅಂದ್ರೆ ಯಾವ ಚಮಚ ಅಂತೀರಿ!" ಯಾಕೆ ಅಷ್ಟು ಸಿಟ್ಟೋ ತಿಳಿಯದು. ಡ್ರೈವರುಗಳೂ ಈಚೆಗೆ ನನ್ನ ಕಿಟಕಿಗೆ ಬರುವುದು ಕಡಿಮೆ.

ಫೋನಕ್ಕ ದಿನಾ ಬೆಳಿಗ್ಗೆ ಫೋನು ಮಾಡುತ್ತಾಳೆ. ಸುದ್ದಿ ಏನಿಲ್ಲ, ಆದರೂ ಮಾಡುತ್ತಾಳೆ. "ಇವತ್ತು ಇಲ್ಲಿ ಮಾಮೂಲಿ. ನಾಯಿ ಬೀದಿಯಲ್ಲೇ ಮಲಗಿದೆ" ಎನ್ನುತ್ತಾಳೆ. ನಾಯಿ ಬೀದಿಯಲ್ಲೇ ಮಲಗಿದೆ ಎಂದು ಬರೆದುಕೊಳ್ಳುತ್ತೇನೆ. ಗೋಡೆಯ ಮೇಲಿನ ವೇಳಾಪಟ್ಟಿ ತೆಗೆದು ಬೀರುವಿನ ಹಿಂದೆ ಹಾಕಿದೆ.

ಏಪ್ರಿಲ್ ೩೦

ಹನ್ನೊಂದನೆಯ ತಾರೀಖಿನ ಪುಟ ತೆಗೆದು ಓದಿದೆ. ತಿರುಗಿ ಮಾಡಿದೆ, ಸಿಗಲಿಲ್ಲ ಎಂದು ಬರೆದಿದ್ದೇನೆ.

ಸುಳ್ಳು. ಮಾಡಲೇ ಇಲ್ಲ.

ನಾನೊಬ್ಬನೇ ಓದುವ ಪುಸ್ತಕದಲ್ಲಿ ನನಗೇ ಸುಳ್ಳು ಬರೆದಿಟ್ಟಿದ್ದೇನೆ. ಅವಳು "ಜೋರಾಗಿ ಇಳೀತು" ಎನ್ನುವಾಗ ಏದುಸಿರು ಬಿಡುತ್ತಿದ್ದಳು. ಒಳ್ಳೆಯ ಸುದ್ದಿಯನ್ನು ಯಾರೂ ಹಾಗೆ ಹೇಳುವುದಿಲ್ಲ. ಅದು ನನ್ನ ಕಿವಿಗೆ ಬಿದ್ದಿತ್ತು. ಫೋನು ಕೈಗೆತ್ತಿಕೊಂಡೆ, ಮೂರು ಅಂಕಿ ತಿರುಗಿಸಿದೆ. ಕಿಟಕಿಯ ಹತ್ತಿರ ಡ್ರೈವರುಗಳು ನಿಂತಿದ್ದರು. ಅವಳು ಮತ್ತೆ ಕಿವಿ ಮಂದವೋ ಬುದ್ಧಿ ಮಂದವೋ ಎಂದರೆ? ಫೋನು ಕೆಳಗಿಟ್ಟೆ. ಇಟ್ಟು ವೈರ್‌ಲೆಸ್ ಎತ್ತಿಕೊಂಡೆ.

ಆ ಮೂರು ಅಂಕಿಯ ಮುಂದೆ ಇನ್ನು ಎರಡೇ ಅಂಕಿ ಇದ್ದದ್ದು.

ಮೇ ೧

ಡಾಕ್ಟರಮ್ಮನಿಗೆ ಹೇಳಿದೆ. ಕನ್ನಡಕ ತೆಗೆದು ಒರೆಸಿದರು. "ನನಗೆ ಹೇಳಿ ಏನು ಪ್ರಯೋಜನ ಟೈಮ್ ಕೀಪರ್?" ಎಂದರು. ಕನ್ನಡಕ ಹಾಕಿಕೊಂಡು, "ಆಗರದಲ್ಲಿ ಹೇಳಿದ್ರೆ ನಿಮ್ಮನ್ನ ಹೊಡೆದಾರು" ಎಂದರು. ಎದ್ದು ಬಾಗಿಲು ತೆಗೆದು ಹಿಡಿದು, "ಆದ್ರೂ ಹೋಗಿ" ಎಂದರು.

ಮೇ ೨

ನಾಲ್ಕರ ಬಸ್ಸಿಗೆ ಆಗರಕ್ಕೆ ಹೋದೆ. ವೈರ್‌ಲೆಸ್ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಫೋನಕ್ಕ ತಾನೂ ಬರುತ್ತೇನೆ ಎಂದಿದ್ದಳು, ಬೇಡ ಎಂದೆ. ನಾಳೆ ಅವಳು ಫೋನಿನ ಮುಂದೆ ಇರಬೇಕು.

ಕೆಲಸ ಬಿಟ್ಟು ಎಲ್ಲರೂ ಗೋದಾಮಿನ ಮುಂದೆ ಕಾಲು ತೊಳೆಯುತ್ತಿದ್ದರು. ಮೊಣಕಾಲಿನವರೆಗೆ ಬಿಳಿ ಉಪ್ಪು, ಹಿಮ್ಮಡಿಯಲ್ಲಿ ಬಿರುಕು. ನಲವತ್ತೆರಡು ಜನ. ಅಕ್ಕ ಕೊನೆಯ ನಲ್ಲಿಯ ಹತ್ತಿರ ಬೆನ್ನು ತಿರುಗಿಸಿ ನಿಂತಿದ್ದಳು.

"ಏನು, ಮತ್ತೆ ಇಳೀತಾ?" ಎಂದ ಒಬ್ಬ. ಯಾರೂ ನಗಲಿಲ್ಲ.

ನಾನು ಮಾತು ಜೋಡಿಸಿಕೊಂಡು ಹೋಗಿದ್ದೆ, ಬಸ್ಸಿನಲ್ಲಿ ಎರಡು ಸಲ ಮನಸ್ಸಿನಲ್ಲೇ ಓದಿಕೊಂಡಿದ್ದೆ. ಒಂದೂ ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಪದ ತಿದ್ದಿದ್ದು ಹೇಳಿದೆ. ಏದುಸಿರು ಕೇಳಿಸಿದ್ದು ಹೇಳಿದೆ. ಮೂರು ಅಂಕಿ ತಿರುಗಿಸಿ ಇಟ್ಟದ್ದು ಹೇಳಿದೆ. ಯಾಕೆ ಇಟ್ಟೆ ಅಂದರೆ ನಗುತ್ತಾರೆ ಅಂತ, ಅಷ್ಟೇ, ಬೇರೆ ಕಾರಣ ಇಲ್ಲ ಎಂದೆ.

ನಲ್ಲಿಗಳೆಲ್ಲ ನಿಂತಿದ್ದವು. ಅಕ್ಕನದು ಮಾತ್ರ ಸುರಿಯುತ್ತಿತ್ತು.

"ನಗುತ್ತಾರೆ ಅಂತ" ಎಂದಳು ಮೇಸ್ತ್ರಿ. ಬಯ್ಯಲಿಲ್ಲ, ಆ ಮಾತನ್ನು ಬಾಯಲ್ಲಿ ಹಾಕಿಕೊಂಡು ನೋಡಿದ ಹಾಗೆ ಅಂದಳು.

"ನಾಳೆ ಬರುತ್ತೆ" ಎಂದೆ. "ನನ್ನ ಮಾತು ನಂಬಿ ಅಂತ ಕೇಳೋಕೆ ನನಗೆ ಮುಖವಿಲ್ಲ. ಪೆಟ್ಟಿಗೆ ಮಾತ್ರ ಇಟ್ಕೊಳ್ಳಿ. ಏನು ಕೇಳಿಸಿದ್ರೂ ತಿರುಗಿ ಕೇಳಿ. ಹತ್ತು ಸಲ ಕೇಳಿ. ನಂಬಿಕೆಯಾಗೋವರೆಗೂ ಕೇಳಿ."

ಭಾವನ ಜೊತೆ ಹೋದ ಇಬ್ಬರಲ್ಲಿ ಒಬ್ಬನ ಹೆಂಡತಿ ಮುಂದೆ ಬಂದಳು. ಹೊಡೆಯುತ್ತಾಳೆ ಎಂದು ಕಣ್ಣು ಮುಚ್ಚಿದೆ. ಅವಳು ಪೆಟ್ಟಿಗೆಯನ್ನು ನನ್ನ ಕೈಯಿಂದ ತಗೊಂಡು ನೆಲದ ಮೇಲೆ ಇಟ್ಟಳು.

"ಹೇಳಿದ್ದಾಯ್ತಲ್ಲ" ಎಂದಳು ಮೇಸ್ತ್ರಿ. "ಬಸ್ಸು ಹೊರಡ್ತಿದೆ, ಹತ್ತು."

ಹತ್ತಿದೆ. ಪೆಟ್ಟಿಗೆಯನ್ನು ಒಳಗೆ ಒಯ್ದರೋ ಮರಳಿನಲ್ಲೇ ಬಿಟ್ಟರೋ ಕಾಣಲಿಲ್ಲ. ಅಕ್ಕ ತಿರುಗಲಿಲ್ಲ. ನಾಳೆ ಅವಳು ತುದಿಯ ಮಡಿಯಲ್ಲಿ ಇರುತ್ತಾಳೆ.

ಮೇ ೩

ಇವತ್ತು ಬೆಳಿಗ್ಗೆ ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಆರೂಕಾಲಿಗೆ ಆಗರದ ಮೊದಲ ಬಸ್ಸು ಬಂತು. ಮೂರನೇ ಕಿಟಕಿಯಲ್ಲಿ ಅಕ್ಕ ಕೂತಿದ್ದಳು, ತೊಡೆಯ ಮೇಲೆ ಬಟ್ಟೆಯ ಗಂಟು. ನಾನು ಓಡಿದೆ. ಅವಳು ಎದುರಿನ ಸೀಟಿನ ಕಂಬಿ ನೋಡುತ್ತಿದ್ದಳು. "ಎಲ್ಲಿಗೆ?" ಎಂದು ಕಂಡಕ್ಟರನನ್ನು ಕೇಳಿದೆ. "ಮೇಲಿನ ಊರಿಗೆ ಟಿಕೆಟ್ಟು, ಒಂದೇ ಕಡೆಗೆ" ಎಂದ. ಊರು ಬಿಟ್ಟು ಹೊರಟಳು ಎಂದುಕೊಂಡೆ. ನನ್ನ ಮುಖ ನೋಡಬಾರದು ಎಂದು ಹೊರಟಳು. ಬಸ್ಸು ಹೊರಡಿಸಲು ನಾನೇ ಸೀಟಿ ಊದಬೇಕಿತ್ತು. ಊದಿದೆ.

ವೈರ್‌ಲೆಸ್ಸಿನಲ್ಲಿ ಮೇಸ್ತ್ರಿಯನ್ನು ಕರೆದೆ. ಉತ್ತರವಿಲ್ಲ. ಎಂಟಕ್ಕೆ, ಒಂಬತ್ತಕ್ಕೆ, ಹತ್ತಕ್ಕೆ ಕರೆದೆ. ಬರೀ ಗೊರಗೊರ.

ಹನ್ನೊಂದಾಗಿ ನಾಲ್ಕು ನಿಮಿಷಕ್ಕೆ ಫೋನು ಬಂತು.

"ಡಿಪೋನಾ?"

ಅದು ಫೋನಕ್ಕನ ದನಿಯಲ್ಲ.

"ಅಕ್ಕಾ?"

"ಬರ್ಕೋ. ಬಿಸಿಗಾಳಿ ಬಂತು. ನಾನೇ ಹೊರಗೆ ನಿಂತು ನೋಡಿದೀನಿ. ಬಾಗಿಲ ಚಿಲಕ ಬರಿಗೈಯಲ್ಲಿ ಹಿಡಿಯೋಕಾಗ್ತಿಲ್ಲ. ಅಲ್ಲಿ ಮಡಿಯಲ್ಲಿ ಇರೋರೆಲ್ಲ ಈಗಲೇ ಗೋದಾಮಿನ ಒಳಗೆ ಹೋಗಬೇಕು. ಏನು ಹೇಳಿದೆ, ತಿರುಗಿ ಹೇಳು."

ಹೇಳಿದೆ.

"ಇನ್ನೊಂದ್ಸಲ."

ಹೇಳಿದೆ.

"ಇನ್ನೊಂದು."

ಮೂರನೆಯ ಸಲ ಅರ್ಧ ಹೇಳಿ ಮೂಗು ಒರೆಸಿಕೊಂಡೆ.

"ಅಳಬೇಡ" ಎಂದಳು. "ಅತ್ರೆ ಮಾತು ಒಡೆಯುತ್ತೆ. ನೆಟ್ಟಗೆ ಹೇಳು."

ಕಿಟಕಿಯಲ್ಲಿ ಡ್ರೈವರುಗಳು ನಿಂತು ನೋಡುತ್ತಿದ್ದರು. ನೆಟ್ಟಗೆ ಹೇಳಿದೆ. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ವೈರ್‌ಲೆಸ್. ಮೇಸ್ತ್ರಿ ಈಗ ಮೊದಲ ಕೂಗಿಗೇ ಸಿಕ್ಕಳು. ಬೆಳಗಿನಿಂದ ಪೆಟ್ಟಿಗೆಯ ಮುಂದೆಯೇ ಕೂತಿದ್ದಳಂತೆ, ನನ್ನ ಬರಿ ಕೂಗಿಗೆ ಉತ್ತರ ಕೊಡುವ ಮನಸ್ಸಾಗಲಿಲ್ಲವಂತೆ. "ಹೇಳಿದ್ದು ಯಾರು?" ಎಂದಳು. ಅಕ್ಕ ಎಂದೆ. "ಅವಳ ಮಾತು ಹೇಗಿತ್ತೋ ಹಾಗೇ ಹೇಳು, ನಿನ್ನದು ಸೇರಿಸಬೇಡ." ಚಿಲಕದ ಸಮೇತ ಹೇಳಿದೆ. ಅವಳು ತಿರುಗಿ ನನಗೆ ಒಪ್ಪಿಸಿದಳು. ಆಮೇಲೆ ದೂರದಲ್ಲಿ, ಮಡಿಯಲ್ಲಿದ್ದವರನ್ನು ಕರೆಯಲು ತಗಡು ಬಡಿಯುವ ಸದ್ದು ಕೇಳಿಸಿತು.

ನಿನ್ನೆ ನಾನು ಆಗರದಿಂದ ಹೊರಟು ಬಂದ ಮೇಲೆ ರಾತ್ರಿ ಅಲ್ಲಿ ಎಲ್ಲರೂ ಕೂತು ಮಾತಾಡಿದ್ದರಂತೆ. ಡಿಪೋದವನ ಬಾಯಿ ಇರಲಿ, ಮೇಲಿನವರ ಕಣ್ಣೂ ಇರಲಿ, ಅಲ್ಲಿ ಫೋನಿನ ಪಕ್ಕ ನಮ್ಮವರೊಬ್ಬರು ಕೂರಲಿ ಎಂದು. ಹೋಗುತ್ತೇನೆ ಎಂದವಳು ಅಕ್ಕನೇ. ಇದನ್ನು ಹೇಳಿದ್ದು ಫೋನಕ್ಕ, ಹಿಂದಿನಿಂದ ಕೂಗಿ.

ಹನ್ನೆರಡೂಕಾಲಿಗೆ ಮೇಸ್ತ್ರಿ ಲೆಕ್ಕ ಕೊಟ್ಟಳು. ಅಕ್ಕ ಅಷ್ಟು ಹೊತ್ತೂ ಫೋನು ಇಟ್ಟಿರಲಿಲ್ಲ. ಅವಳ ಉಸಿರು ಕೇಳುತ್ತಲೇ ಇತ್ತು.

"ನಲವತ್ತೊಂದು ಜನ ಒಳಗೆ" ಎಂದೆ. "ಯಾರೂ ಹೊರಗಿಲ್ಲ. ಬಾಗಿಲಿಗೆ ತಟ್ಟು ಇಳಿಬಿಟ್ಟಿದ್ದಾರೆ."

"ಯಾರೂ ಹೊರಗಿಲ್ಲ?"

"ಯಾರೂ ಹೊರಗಿಲ್ಲ."

"ಸರಿ" ಎಂದಳು. "ನಾಳೆ ಇದೇ ಹೊತ್ತಿಗೆ ಇರು." ಫೋನು ಇಟ್ಟಳು.